ಮಣ್ಣಿನ ಬಣ್ಣದ ಹನ್ನೆರಡು ಬಿಲ್ಲೆಗಳು

ಐಶ್ಯಾಡೋ ಅಂದ ಕೂಡಲೇ ನನ್ನ ವಯಸ್ಸಿನವರಿಗೆ ನೆನಪಾಗುವುದು ಎಂಬತ್ತರ ದಶಕದ ಸಿನಿಮಾ ನಾಯಕಿಯರು. ರೆಪ್ಪೆಯಿಂದ ಹುಬ್ಬಿನವರೆಗೆ ನವಿಲುನೀಲಿ, ಗಿಣಿಹಸಿರು, ಇಲ್ಲವೇ ಸೀರೆಗೆ ಹೊಂದುವ ಗುಲಾಬಿ. ಥೇಟರಿನ ಕೊನೇ ಸಾಲಿನಲ್ಲಿ ಕೂತವರಿಗೂ ಕಾಣಬೇಕು ಅನ್ನುವ ಹಾಗೆ ಹಚ್ಚಿಕೊಂಡ ಬಣ್ಣ. ನ್ಯೂಟ್ರಲ್ ಪ್ಯಾಲೆಟ್ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ನೀಲಿಯಿಲ್ಲ, ಹಸಿರಿಲ್ಲ. ಮುಚ್ಚಳ ತೆಗೆದರೆ ಸಾಲಾಗಿ ಹನ್ನೆರಡು ಬಿಲ್ಲೆ, ಹನ್ನೆರಡೂ ಕಂದು. ಗೊತ್ತಿಲ್ಲದವರು ನೋಡಿದರೆ ಕೇಳುವುದು ಒಂದೇ ಪ್ರಶ್ನೆ: ಎಲ್ಲ ಒಂದೇ ಬಣ್ಣ ಅಲ್ವಾ, ಇದಕ್ಯಾಕೆ ಇಷ್ಟು ದುಡ್ಡು?

ನಾನು ಈ ಡಬ್ಬಿ ತಗೊಂಡಿದ್ದು ಹೋದ ವರ್ಷ ದಸರೆಗೆ ಮುಂಚೆ, ಹೈದರಾಬಾದಿನ ಕೋಠಿಯ ಸುಲ್ತಾನ್ ಬಜಾರಿನಲ್ಲಿ. ಅಲ್ಲಿ ಸೀರೆ, ಬಳೆ, ಕ್ಲಿಪ್ಪು, ಲಿಪ್‌ಸ್ಟಿಕ್ಕು ಎಲ್ಲವೂ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಚೌಕಾಸಿ ಮಾಡಿ ಏಳುನೂರು ರೂಪಾಯಿಗೆ ತಂದೆ. ಕಾರಣ ದೊಡ್ಡದೇನಲ್ಲ. ನಮ್ಮ ಆಫೀಸಿನವರು ಮತ್ತೆ ವಾರಕ್ಕೆ ಮೂರು ದಿನ ಹೈಟೆಕ್ ಸಿಟಿಗೆ ಬನ್ನಿ ಅಂದರು. ನಾರಾಯಣಗೂಡದಲ್ಲಿ ಮೆಟ್ರೋ ಹತ್ತಿ, ಎಂಜಿಬಿಎಸ್‌ನಲ್ಲಿ ಒಮ್ಮೆ, ಅಮೀರ್‌ಪೇಟೆಯಲ್ಲಿ ಇನ್ನೊಮ್ಮೆ ಗಾಡಿ ಬದಲಿಸಿ ಆಫೀಸು ಮುಟ್ಟುವ ಹೊತ್ತಿಗೆ ಮುಖ ಬಾಡಿರುತ್ತಿತ್ತು. ನಲವತ್ನಾಲ್ಕರ ಹೆಂಗಸು ಏನೂ ಹಚ್ಚದೆ ಹೋದರೆ “ಹುಷಾರಿಲ್ವಾ?” ಅನ್ನುತ್ತಾರೆ. ಸ್ವಲ್ಪ ಹೆಚ್ಚು ಹಚ್ಚಿಕೊಂಡು ಹೋದರೆ “ಏನು ವಿಶೇಷ?” ಅನ್ನುತ್ತಾರೆ. ಎರಡೂ ಪ್ರಶ್ನೆ ಬಾರದ ಮುಖ ನನಗೆ ಬೇಕಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವಳ ಮುಖ.

ಇಂಥ ಮುಖ ಬಯಸಿದವಳು ನಾನೊಬ್ಬಳೇ ಅಲ್ಲ. ಅಮೆರಿಕದ ಅರ್ಬನ್ ಡಿಕೇ ಕಂಪನಿ 2010ರಲ್ಲಿ ‘ನೇಕೆಡ್’ ಅನ್ನುವ ಹನ್ನೆರಡು ಬಣ್ಣದ ಪ್ಯಾಲೆಟ್ ತಂದಾಗ ಅದರಲ್ಲಿದ್ದುದು ಬಹುಪಾಲು ಕಂದು, ತಾಮ್ರ, ಬೂದಿ ಬಣ್ಣಗಳೇ. ಅದು ಎಷ್ಟು ನಡೆಯಿತೆಂದರೆ, ಮುಂದೆ ಬಂದ ಹೆಚ್ಚುಕಮ್ಮಿ ಎಲ್ಲ ಕಂಪನಿಗಳೂ ತಮ್ಮದೊಂದು ಕಂದು ಡಬ್ಬಿ ಮಾಡಿದವು. 2018ರಲ್ಲಿ ಮೂಲದ್ದನ್ನೇ ಆ ಕಂಪನಿ ನಿಲ್ಲಿಸಿತು, ಆದರೆ ಆ ಹೊತ್ತಿಗೆ ಸುಲ್ತಾನ್ ಬಜಾರಿನ ತಳ್ಳುಗಾಡಿಯ ಮೇಲೂ ಅದರ ಮೊಮ್ಮಕ್ಕಳು ಬಂದು ಕೂತಿದ್ದವು. ನನ್ನದು ಅಂಥ ಒಂದು ಮೊಮ್ಮಗು.

ನ್ಯೂಟ್ರಲ್ ಅಂದರೆ ಯಾವ ಕಡೆಗೂ ವಾಲದ ಬಣ್ಣ ಅಂತ ಅರ್ಥ. ಆದರೆ ಯಾರ ಚರ್ಮದ ಲೆಕ್ಕದಲ್ಲಿ? ಡಬ್ಬಿಯ ಮೊದಲ ಬಿಲ್ಲೆ ಕೆನೆಬಿಳುಪು. ಅದನ್ನು ‘ಚರ್ಮದ ಬಣ್ಣ’ ಅನ್ನುವ ಅರ್ಥದ ಇಂಗ್ಲಿಷ್ ಹೆಸರಿನಿಂದ ಕರೆದಿದ್ದರು. ನನ್ನ ರೆಪ್ಪೆಯ ಮೇಲೆ ಅದು ವಿಭೂತಿ ಬಳಿದ ಹಾಗೆ ಕಾಣುತ್ತದೆ. ಮಕ್ಕಳ ಬಣ್ಣದ ಕಡ್ಡಿ ಮಾಡುವ ಕ್ರೆಯೋಲಾ ಕಂಪನಿ ಒಂದು ನಸುಗುಲಾಬಿ ಕಡ್ಡಿಗೆ ‘ಫ್ಲೆಶ್’ ಅಂತ ಹೆಸರಿಟ್ಟಿತ್ತು. ಮಾಂಸಖಂಡದ ಬಣ್ಣ ಎಲ್ಲರದೂ ಅದಲ್ಲ ಅಂತ ತಿಳಿದು 1962ರಲ್ಲಿ ಅದನ್ನು ‘ಪೀಚ್’ ಅಂತ ಬದಲಾಯಿಸಿತು. ಪಾಪ್ ಗಾಯಕಿ ರಿಹಾನಾ 2017ರಲ್ಲಿ ತನ್ನ ಫೆಂಟಿ ಬ್ಯೂಟಿ ಶುರು ಮಾಡಿದಾಗ ಫೌಂಡೇಶನ್ ಅನ್ನು ನಲವತ್ತು ಛಾಯೆಯಲ್ಲಿ ತಂದದ್ದು ದೊಡ್ಡ ಸುದ್ದಿಯಾಯಿತು. ನಮ್ಮ ದೇಶದಲ್ಲಿ 1975ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ಬಿಟ್ಟಿದ್ದು 2020ರಲ್ಲಿ. ಹಾಗಾಗಿ ನ್ಯೂಟ್ರಲ್ ಡಬ್ಬಿ ಕೊಳ್ಳುವವರಿಗೆ ನನ್ನ ಮೊದಲ ಮಾತು: ಹೆಸರು ಓದಬೇಡಿ. ಬೆರಳಿಗೆ ಸ್ವಲ್ಪ ತೆಗೆದು ಮುಂಗೈ ಒಳಭಾಗಕ್ಕೆ ಹಚ್ಚಿ, ಅಂಗಡಿಯ ಬಿಳಿ ಲೈಟಿನ ಕೆಳಗಲ್ಲ, ಹೊರಗೆ ಬಿಸಿಲಿಗೆ ಬಂದು ನೋಡಿ. ನಮ್ಮಂಥ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣಗಳಿಗೆ ನಿಜವಾದ ನ್ಯೂಟ್ರಲ್ ಅಂದರೆ ಡಬ್ಬಿಯ ಮಧ್ಯದ ಸಾಲು. ಕೊನೆಯ ಸಾಲು ಕಣ್ಣಿಗೆ ಆಳ ಕೊಡುತ್ತದೆ. ಮೊದಲ ಸಾಲು ಹುಬ್ಬಿನ ಕೆಳಗೆ ಒಂದು ಗೆರೆಗಷ್ಟೇ ಸಾಕು.

ಇಷ್ಟು ನಾನು ಒಬ್ಬಳೇ ಕನ್ನಡಿ ಮುಂದೆ ಕೂತು ಕಂಡುಕೊಂಡಿದ್ದು. ಉಳಿದದ್ದನ್ನು ಕಲಿಸಿದವಳು ನಮ್ಮವ್ವ.

ಅವ್ವ ದಸರೆ ಮುಗಿಸಿಕೊಂಡು ರಾಯಚೂರಿನಿಂದ ಬಂದಳು. ಮಖ್ತಲ್, ಮಹಬೂಬನಗರ ದಾಟಿ ಬರುವ ಬಸ್ಸು, ತೊಡೆ ಮೇಲೆ ಕಟಿಗಿ ರೊಟ್ಟಿಯ ಗಂಟು. ಬಂದಿದ್ದು ಕಣ್ಣಿನ ಪೊರೆ ತೆಗೆಸಲು. ರಾಯಚೂರಿನವರಿಗೆ ಕಾಯಿಲೆ, ಕೋರ್ಟು, ಮದುವೆ ಜವಳಿ ಯಾವುದಕ್ಕೂ ಹೈದರಾಬಾದ್ ಹೊಸ ಊರಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜ ಖಟ್ಲೆ ಕೆಲಸಕ್ಕೆ ಇಲ್ಲಿಗೆ ಬಂದಾಗಲೆಲ್ಲ ಅಜ್ಜಿಗೆ ಚಾರ್‌ಮಿನಾರ್ ಹತ್ತಿರದಿಂದ ಅರಗಿನ ಬಳೆಯೂ ಒಂದು ಪುಟ್ಟ ಸುರ್ಮಾದ ಶೀಶೆಯೂ ಒಯ್ಯುತ್ತಿದ್ದನಂತೆ. ಈಗ ಅಜ್ಜನ ಮಗಳು ಕಣ್ಣಿಗಾಗಿಯೇ ಅದೇ ಊರಿಗೆ ಬಂದಿದ್ದಳು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಇನ್ನೊಂದನ್ನು ಕೆಲವು ತಿಂಗಳು ಬಿಟ್ಟು ಮಾಡೋಣ ಅಂದರು ಡಾಕ್ಟರು. ಪೊರೆ ಬಂದ ಕಣ್ಣಿನ ಬಗ್ಗೆ ನಾವು ‘ಮಂಜಾಗಿ ಕಾಣುತ್ತದೆ’ ಅಂತಷ್ಟೇ ತಿಳಿದಿರುತ್ತೇವೆ. ಬಣ್ಣವೂ ಹೋಗುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತದೆ, ಆಮೇಲೆ ಕಂದಾಗುತ್ತದೆ. ನೀಲಿ ಬೆಳಕನ್ನು ಅದು ಒಳಗೆ ಬಿಡುವುದಿಲ್ಲ. ನಿಧಾನವಾಗಿ ಆಗುವುದರಿಂದ ಅವರಿಗೂ ತಿಳಿಯುವುದಿಲ್ಲ. ಚಹಾದ ಲೋಟದ ಒಳಗಿಂದ ಲೋಕ ನೋಡುತ್ತಿದ್ದೇನೆ ಅಂತ ಅರಿವಾಗುವುದು ಲೋಟ ತೆಗೆದಾಗಲೇ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆಗೂ ಹೀಗೇ ಆಗಿತ್ತು. 1923ರಲ್ಲಿ ಅವನ ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಯಿತು. ಒಂದು ಕಣ್ಣಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು ಕಂಡು ಅವನು ಕಂಗೆಟ್ಟುಹೋದ. ನಮ್ಮವ್ವ ಕಂಗೆಡಲಿಲ್ಲ. ಅವಳಿಗೆ ಅದೊಂದು ಆಟ ಸಿಕ್ಕ ಹಾಗಾಯಿತು. ಪಟ್ಟಿ ಬಿಚ್ಚಿದ ಮರುದಿನದಿಂದ ಅವಳು ಮನೆಯಲ್ಲಿ ಕಂಡಿದ್ದನ್ನೆಲ್ಲ ಒಮ್ಮೆ ಬಲಗಣ್ಣಿನಿಂದ, ಒಮ್ಮೆ ಎಡಗಣ್ಣಿನಿಂದ ನೋಡತೊಡಗಿದಳು. ಗೋಡೆ, ಬಕೀಟು, ಕ್ಯಾಲೆಂಡರು, ನನ್ನ ಮುಖ. “ನಿನಗ ಇಷ್ಟು ಬಿಳಿ ಕೂದಲ ಆಗ್ಯಾವೇನ ಯವ್ವಾ?” ಅಂತ ಕೇಳಿದ್ದೂ ಆಗಲೇ.

ಹೀಗೆ ನೋಡುತ್ತ ನೋಡುತ್ತ ಒಂದು ದಿನ ನನ್ನ ಪ್ಯಾಲೆಟ್ ಅವಳ ಕೈಗೆ ಬಂತು. “ಏನಿದು, ಮಣ್ಣಿನ ಡಬ್ಬಿ ತಂದಿಟ್ಟೀಯಲ್ಲ?” ಅಂದಳು.

ಕಣ್ಣಿಗೆ ಹಚ್ಚುವ ಬಣ್ಣ ಅಂದೆ. ಕಿಟಕಿ ಹತ್ತಿರ ಒಯ್ದು ಎಡಗಣ್ಣು ತೆರೆದು ನೋಡಿದಳು. “ಇದರಾಗ ಐದು ಬಣ್ಣ ಅವ” ಅಂದಳು. ಬಲಗಣ್ಣು ತೆರೆದು ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು ಒಂದೊಂದಕ್ಕೂ ಹೆಸರು ಹೇಳಿದಳು. ಜ್ವಾಳದ ಹಿಟ್ಟು. ಪುಟಾಣಿ ಹಿಟ್ಟು. ಶೇಂಗಾ ಸಿಪ್ಪಿ. ಹಾಲು ಹೆಚ್ಚಾದ ಚಹಾ. ಮಸಾರಿ. ಹೆಂಚು. ಬೆಲ್ಲ. ಹಿತ್ತಾಳಿ ತಂಬಿಗಿ. ತಾಮ್ರದ ಹಂಡೆ. ಹುಣಸಿಹಣ್ಣು. ಕೊನೆಯ ಎರಡು ನನಗೂ ಕಪ್ಪಾಗಿಯೇ ಕಂಡಿದ್ದವು. ಅವಳು ಅವನ್ನೂ ಬೇರೆ ಮಾಡಿದಳು: “ಇದು ಎರಿ, ಮಳಿ ಬಿದ್ದ ಮ್ಯಾಲಿನ ಎರಿ. ಇದು ಇದ್ದಿಲು.”

ಡಬ್ಬಿಯ ಹಿಂದೆ ಹನ್ನೆರಡು ಇಂಗ್ಲಿಷ್ ಹೆಸರು ಅಚ್ಚಾಗಿವೆ. ಅವುಗಳಲ್ಲಿ ಒಂದೂ ನನಗೆ ಈವತ್ತಿಗೂ ನೆನಪಿಲ್ಲ. ಅವ್ವನ ಹೆಸರುಗಳು ಒಂದೇ ಸಲಕ್ಕೆ ಬಾಯಿಪಾಠವಾದವು. ಬರೀ ಹೆಸರಲ್ಲ, ಅವುಗಳಲ್ಲಿ ಬಳಕೆಯ ಲೆಕ್ಕವೂ ಇದೆ. ಹಿಟ್ಟು ಅಂದರೆ ಎಲ್ಲದರ ಕೆಳಗೆ ತೆಳ್ಳಗೆ ಉದುರಿಸುವುದು. ಚಹಾ ಅಂದರೆ ಎಲ್ಲದಕ್ಕೂ ನಡೆಯುವುದು. ಹುಣಸೆ ಸ್ವಲ್ಪವೇ ಸಾಕು, ಹೆಚ್ಚಾದರೆ ಕೆಡುತ್ತದೆ.

ಅವಳು ‘ಮಣ್ಣಿನ ಡಬ್ಬಿ’ ಅಂದದ್ದು ತಮಾಷೆಗಲ್ಲ, ರಸಾಯನಶಾಸ್ತ್ರದ ಪ್ರಕಾರವೂ ಸರಿ. ಯಾವುದೇ ಐಶ್ಯಾಡೋ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಿಐ 77491, 77492, 77499 ಅಂತ ಬರೆದಿರುತ್ತದೆ. ಅವು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡುಗಳು. ಅಂದರೆ ಕಬ್ಬಿಣದ ತುಕ್ಕಿನ ಬಳಗ. ನಮ್ಮ ಮಸಾರಿ ಹೊಲವನ್ನು ಕೆಂಪಗೆ ಮಾಡುವುದೂ, ಹೆಂಚಿಗೆ ಬಣ್ಣ ಕೊಡುವುದೂ, ಮನೆ ಗೋಡೆಗೆ ಬಳಿಯುವ ಕೆಮ್ಮಣ್ಣಿನಲ್ಲಿರುವುದೂ ಇದೇ. ಈ ಮೂರನ್ನು ಬೇರೆಬೇರೆ ಪಾಲಿನಲ್ಲಿ ಬೆರೆಸಿದರೆ ಲೋಕದ ಎಲ್ಲ ಕಂದೂ ಬರುತ್ತವೆ. ಬೆಳ್ಳಗೆ ಮಾಡಲು ಟೈಟಾನಿಯಂ ಡೈಆಕ್ಸೈಡ್ ಸೇರಿಸುತ್ತಾರೆ. ಮಣ್ಣಿನಿಂದ ನೇರ ತೆಗೆದ ಬಣ್ಣದಲ್ಲಿ ಸೀಸ, ಆರ್ಸೆನಿಕ್ ಇರಬಹುದು ಅಂತ ಪ್ರಸಾಧನಕ್ಕೆ ಕಾರ್ಖಾನೆಯಲ್ಲೇ ಇವನ್ನು ತಯಾರಿಸುತ್ತಾರೆ. ಮಣ್ಣು ಅದೇ, ಮಡಿ ಬೇರೆ.

ಮಿಂಚುವ ಬಿಲ್ಲೆಗಳ ಕಥೆ ಬೇರೆ. ಬೆಲ್ಲ, ಹಿತ್ತಾಳಿ, ತಾಮ್ರ ಈ ಮೂರರಲ್ಲೂ ಮಿಂಚುವುದು ಅಭ್ರಕ, ನಮ್ಮ ಕಡೆ ‘ಕಾಗೆಬಂಗಾರ’ ಅನ್ನುತ್ತೇವಲ್ಲ ಅದು. ಚಿಕ್ಕವರಿದ್ದಾಗ ಕಲ್ಲಿನ ಪದರ ಕಿತ್ತು ಬೆಳಕಿಗೆ ಹಿಡಿದು ಆಡಿದ್ದು ನಿಮಗೂ ನೆನಪಿರಬಹುದು. ಅದನ್ನು ಪುಡಿ ಮಾಡಿ, ಚೂರುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪ ಕೊಟ್ಟರೆ ಮುತ್ತಿನ ಹೊಳಪು ಬರುತ್ತದೆ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಬರುವುದು ಝಾರ್ಖಂಡದ ಕೋಡರ್ಮಾ, ಗಿರಿಡೀ ಕಡೆಯಿಂದ. ಅಲ್ಲಿ ಕೈಬಿಟ್ಟ ಗಣಿಗಳಲ್ಲಿ ಮಕ್ಕಳು ಕಾಗೆಬಂಗಾರ ಆಯುವ ಸುದ್ದಿ ವರ್ಷವರ್ಷ ಬರುತ್ತಿರುತ್ತದೆ. ಇದನ್ನು ತಡೆಯಲು ಕಂಪನಿಗಳೂ ಸಂಸ್ಥೆಗಳೂ ಸೇರಿ 2017ರಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಕಟ್ಟಿಕೊಂಡವು. ಡಬ್ಬಿಯ ಮೇಲೆ ‘ಸಿಂಥೆಟಿಕ್ ಫ್ಲೂರ್‌ಫ್ಲೋಗೋಪೈಟ್’ ಅಂತ ಬರೆದಿದ್ದರೆ ಅದು ಲ್ಯಾಬಿನಲ್ಲಿ ಮಾಡಿದ ಅಭ್ರಕ, ಗಣಿಯದಲ್ಲ. ಬರೀ ‘ಮೈಕಾ’ ಅಂತಿದ್ದರೆ ಗಣಿಯದು. ನನ್ನ ಡಬ್ಬಿಯಲ್ಲಿ ಬರೀ ‘ಮೈಕಾ’ ಅಂತಿದೆ. ಅದನ್ನು ಓದಿದ ಮೇಲೆ ಆ ಮೂರು ಬಿಲ್ಲೆಗಳನ್ನು ಹಬ್ಬಕ್ಕಷ್ಟೇ ಮುಟ್ಟುತ್ತೇನೆ.

ಇನ್ನು ಹಚ್ಚುವ ವಿಷಯ. ಈ ಡಬ್ಬಿಯಿಂದ ನಾನು ಹತ್ತಾರು ತರ ಮಾಡಿ ನೋಡಿದ್ದೇನೆ, ನಿಂತಿದ್ದು ಎರಡು.

ಮೊದಲನೆಯದು ಆಫೀಸಿನದು, ಐದು ನಿಮಿಷದ್ದು. ರೆಪ್ಪೆಯ ಮೇಲಿನ ಎಣ್ಣೆ ಒರೆಸಿ ಚೂರೇ ಚೂರು ಕನ್ಸೀಲರ್ ಹಚ್ಚಿ. ಹೈದರಾಬಾದಿನ ಬಿಸಿಲಿಗೆ ಇದಿಲ್ಲದಿದ್ದರೆ ಮಧ್ಯಾಹ್ನದೊಳಗೆ ಬಣ್ಣವೆಲ್ಲ ರೆಪ್ಪೆಯ ಮಡಿಕೆಯಲ್ಲಿ ಗೆರೆಯಾಗಿ ಕೂತುಬಿಡುತ್ತದೆ. ಅದರ ಮೇಲೆ ಪುಟಾಣಿ ಹಿಟ್ಟು ತೆಳ್ಳಗೆ. ಮೆತ್ತಗಿನ, ಪೊದೆಯಂಥ ಬ್ರಷ್ಷಿಗೆ ಚಹಾ ತೆಗೆದು, ಒಮ್ಮೆ ಕೊಡವಿ, ಮಡಿಕೆಯ ಉದ್ದಕ್ಕೂ ಬಸ್ಸಿನ ವೈಪರ್ ಹಾಗೆ ಆ ಕಡೆ ಈ ಕಡೆ ಆಡಿಸಿ. ಕಣ್ಣಿನ ಹೊರತುದಿಯಲ್ಲಿ ಮಾತ್ರ ಹುಣಸೆ. ಕಡೆಗೆ ಓರೆಯಾಗಿ ಕತ್ತರಿಸಿದ ಸಣ್ಣ ಬ್ರಷ್ಷನ್ನು ಒದ್ದೆ ಮಾಡಿ, ಎರಿ ತೆಗೆದು, ರೆಪ್ಪೆಗೂದಲಿನ ಬುಡಕ್ಕೆ ಒಂದು ಗೆರೆ. ಕಪ್ಪು ಐಲೈನರ್ ಎಳೆದರೆ ಗೆರೆ ಕಾಣುತ್ತದೆ. ಎರಿ ಎಳೆದರೆ ರೆಪ್ಪೆಗೂದಲು ದಟ್ಟವಾದ ಹಾಗೆ ಕಾಣುತ್ತದೆ. ಎರಡು ಸಲ ಮೆಟ್ರೋ ಬದಲಿಸಿದರೂ ಇದು ಅಳಿಸುವುದಿಲ್ಲ. ಆಮೇಲಿಂದ ನನಗೆ ಹುಷಾರಿಲ್ಲವಾ ಅಂತ ಯಾರೂ ಕೇಳಿಲ್ಲ.

ಎರಡನೆಯದು ರಾಜ್ಯೋತ್ಸವದ್ದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಅಂದರೆ ಇಲ್ಲಿನ ಕನ್ನಡಿಗರಿಗೆ ತವರುಮನೆ ಇದ್ದ ಹಾಗೆ. ಅಂಥ ಕಡೆ ಹೋಗಲು ಟೋಪ್ ತೆನೆ ಸೆರಗಿನ ಇಳಕಲ್ ಸೀರೆ ತೆಗೆದೆ. ಇಳಕಲ್ಲಿನ ದಟ್ಟ ಕೆಂಪಿನ ಎದುರು ಮುಖಕ್ಕೆ ಇನ್ನೊಂದು ಬಣ್ಣ ಬೇಡ, ಕಂದೇ ಸರಿ. ಮಡಿಕೆಗೆ ಮಸಾರಿ, ಹೊರತುದಿಗೆ ಇದ್ದಿಲು, ರೆಪ್ಪೆಯ ನಡುವೆ ತಾಮ್ರ. ಮಿಂಚಿನ ಬಣ್ಣಕ್ಕೆ ಬ್ರಷ್ ಬೇಡ. ಉಂಗುರದ ಬೆರಳಿನ ತುದಿಯಿಂದ ಒತ್ತಿ ಹಚ್ಚಿದರೆ ಬೆರಳಿನ ಬೆಚ್ಚಗೆಗೆ ಅದು ಹಿಡಿದುಕೊಳ್ಳುತ್ತದೆ, ಕೆನ್ನೆ ಮೇಲೆ ಉದುರುವುದಿಲ್ಲ. ಇದ್ದಿಲು ಮೊದಲು ಹಚ್ಚಿ, ಉದುರಿದ್ದನ್ನು ಒರೆಸಿ, ಆಮೇಲೆ ಮುಖಕ್ಕೆ ಪೌಡರ್. ಈ ಕ್ರಮ ತಪ್ಪಿಸಬೇಡಿ.

ಅವ್ವ ಹಾಸಿಗೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. “ಬಣ್ಣದ ಆಟದವರು ಹಿಂಗ ಕುಂದರ್ತಿದ್ರು” ಅಂದಳು. ಅವಳ ಸಣ್ಣಂದಿನಲ್ಲಿ ಊರಲ್ಲಿ ಬಯಲಾಟ ಆಗುವಾಗ ಹುಡುಗರೆಲ್ಲ ಬಣ್ಣ ಹಚ್ಚುವ ಜಾಗಕ್ಕೆ ಇಣುಕುತ್ತಿದ್ದರಂತೆ. ನಮ್ಮ ಕಡೆಯ ಆಟದಲ್ಲಾಗಲಿ, ಕರಾವಳಿಯ ಯಕ್ಷಗಾನದ ಚೌಕಿಯಲ್ಲಾಗಲಿ, ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇತಿನ ಬಿಳುಪು, ಕಾಡಿಗೆಯ ಕಪ್ಪು ಇವೇ ಮುಖಬಣ್ಣದ ಬಂಡವಾಳ. ಅದು ದೂರದಿಂದ ಕಾಣಲಿ ಅಂತ ಹಚ್ಚುವ ಬಣ್ಣ. “ನೀ ಹಚ್ಚೂದು ಯಾರಿಗೂ ಕಾಣಬಾರದು ಅಂತ. ಮತ್ಯಾಕ ಹಚ್ಚೂದು?” ಅಂತ ಕೇಳಿದಳು. ನನ್ನ ಹತ್ತಿರ ತಕ್ಷಣಕ್ಕೆ ಉತ್ತರವಿರಲಿಲ್ಲ.

ಅವ್ವನ ಕಣ್ಣಿಗೂ ಒಂದು ಕಾಲದಲ್ಲಿ ಕಾಡಿಗೆ ಇತ್ತು. ಅಂಗಡಿಯದ್ದಲ್ಲ, ಮನೆಯದು. ನಂದಿಬಟ್ಟಲ ಹೂವಿನ ರಸದಲ್ಲಿ ಬಟ್ಟೆ ನೆನೆಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯಲ್ಲಿ ಹಚ್ಚಿಟ್ಟು, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕುವುದು. ಬೆಳಿಗ್ಗೆ ತಟ್ಟೆಗೆ ಹತ್ತಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲೆಸಿ ಡಬ್ಬಿಗೆ ತುಂಬುವುದು. ಅಜ್ಜಿಯ ಚಾರ್‌ಮಿನಾರ್ ಸುರ್ಮಾ ಇದಕ್ಕಿಂತ ಶ್ರೀಮಂತ ಅನ್ನಿಸಿದರೂ ಒಳ್ಳೆಯದಲ್ಲ. ಹಳೇ ಪದ್ಧತಿಯ ಸುರ್ಮಾದಲ್ಲಿ ಸೀಸದ ಅದಿರು ಇರುತ್ತದೆ, ಅದು ಮಕ್ಕಳ ಮೈಗೆ ವಿಷ. ಈಗಲೂ ಮಾರುತ್ತಾರೆ, ದಯವಿಟ್ಟು ಮಕ್ಕಳ ಕಣ್ಣಿಗೆ ಹಚ್ಚಬೇಡಿ. ಅವ್ವ ತನ್ನ ಕಾಡಿಗೆಯನ್ನು ನನಗೂ ಅಣ್ಣನಿಗೂ ಹಚ್ಚಿದಳು, ತಾನೂ ಹಚ್ಚಿಕೊಂಡಳು. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಬಿಟ್ಟಳು.

ಬಿಡು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕುಂಕುಮ ಹೋಯಿತು, ಹಸಿರು ಬಳೆ ಹೋಯಿತು, ಹೂವು ಹೋಯಿತು, ಅವುಗಳ ಹಿಂದೆಯೇ ಕಾಡಿಗೆಯೂ ಹೋಯಿತು. ಸೀರೆಗಳು ಒಂದೊಂದಾಗಿ ಮಾಸಲಾದವು. ಅಂಗಡಿಗೆ ಹೋದರೆ ಅವಳೇ “ಬೂದಿ ಬಣ್ಣದ್ದು ತೋರಸ್ರಿ, ಕಾವಿ ಬಣ್ಣದ್ದು ತೋರಸ್ರಿ” ಅನ್ನುತ್ತಿದ್ದಳು. ನಾನು ಏಳುನೂರು ರೂಪಾಯಿ ಕೊಟ್ಟು ಇಷ್ಟಪಟ್ಟು ತಂದ ಬಣ್ಣಗಳನ್ನೇ ಊರು ಅವಳಿಗೆ ಪುಕ್ಕಟೆಯಾಗಿ, ಕೇಳದೆ ಹೊರಿಸಿತ್ತು. ನ್ಯೂಟ್ರಲ್ ಅನ್ನುವುದು ಆರಿಸಿಕೊಂಡವರಿಗೆ ಫ್ಯಾಶನ್ನು, ಹೊರಿಸಿಕೊಂಡವರಿಗೆ ಶಿಕ್ಷೆ. ಈ ಯೋಚನೆ ಬಂದ ಮೇಲೆ ಡಬ್ಬಿ ತೆಗೆಯುವಾಗೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಅದನ್ನು ಸಡಿಲ ಮಾಡಿದ್ದೂ ಅವ್ವನ ಬಲಗಣ್ಣೇ. ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಸೀರೆ ಒಣಗಹಾಕುತ್ತಿದ್ದವಳು ನನ್ನನ್ನು ಕರೆದಳು. “ಈ ಸೀರಿ ಬೂದಿ ಬಣ್ಣ ಅಂತ ತಗೊಂಡಿದ್ದೆ. ನೋಡಿಲ್ಲಿ, ಇದರಾಗ ನೀಲಿ ಅದ.” ನಿಜ. ಪಾರಿವಾಳದ ಕುತ್ತಿಗೆಯ ಹಾಗೆ ಬೂದಿಯೊಳಗೆ ಚೆಂದದ ನೀಲಿ. ನಮಗೆಲ್ಲ ಅದು ಮೊದಲ ದಿನದಿಂದ ಕಾಣುತ್ತಿತ್ತು, ಅವಳಿಗೆ ಕಾಣುವುದಿಲ್ಲ ಅಂತ ನಮಗೆ ಗೊತ್ತಿರಲಿಲ್ಲ. ಎರಡು ವರ್ಷ ಅದನ್ನು ಮಾಸಲು ಅಂತ ನಂಬಿ ಉಟ್ಟಿದ್ದಳು. “ನೀಲಿ ಅಂತ ಗೊತ್ತಿದ್ರ ತಗೋತಿದ್ದಿಲ್ಲ” ಅಂದಳು. ಸ್ವಲ್ಪ ಹೊತ್ತು ಸೆರಗನ್ನು ಬಿಸಿಲಿಗೆ ಹಿಡಿದು ನೋಡಿದಳು. ಮರುದಿನ ಸ್ನಾನ ಮಾಡಿ ಅದನ್ನೇ ಉಟ್ಟಳು.

ಕಣ್ಣಿನ ಆಪರೇಷನ್ ಆದವರು ಡಾಕ್ಟರು ಹೇಳುವವರೆಗೂ ಕಣ್ಣಿಗೆ ಯಾವ ಪ್ರಸಾಧನವನ್ನೂ ಸೋಕಿಸಬಾರದು. ಪುಡಿ ಬಿದ್ದರೆ ಸೋಂಕಾಗುತ್ತದೆ. ಡಿಸೆಂಬರಿನ ತಪಾಸಣೆಯಲ್ಲಿ ಡಾಕ್ಟರು ಎಲ್ಲ ಚೆನ್ನಾಗಿದೆ ಅಂದರು. ಎದ್ದು ಬರುವಾಗ ಅವ್ವ ಬಾಗಿಲಲ್ಲಿ ನಿಂತು ತಿರುಗಿ ಕೇಳಿದಳು: “ಡಾಕ್ಟ್ರೇ, ಕಣ್ಣಿಗಿ ಬಣ್ಣ ಹಚ್ಚಿಗೋಬಹುದೇನ್ರಿ?” ಆ ಹುಡುಗಿ ಡಾಕ್ಟರು ನಕ್ಕು, “ಧಾರಾಳವಾಗಿ ಅಮ್ಮಾ, ಹೊಸ ಡಬ್ಬಿ, ತೊಳೆದ ಬ್ರಷ್ ಇರಲಿ” ಅಂತ ತೆಲುಗಿನಲ್ಲಿ ಹೇಳಿದರು. ನಾನು ಆಟೋದಲ್ಲಿ ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ರಾಯಚೂರಿನಲ್ಲಿ ಅಣ್ಣನ ಮಗಳ ಮದುವೆ. ಮದುವೆಯ ಹಿಂದಿನ ರಾತ್ರಿ ಅವ್ವ ನನ್ನ ಹತ್ತಿರ ಬಂದು ಕೂತಳು. “ಆ ಡಬ್ಬಿ ತಂದೀಯೇನು?”

ಅರವತ್ತೇಳರ ಕಣ್ಣಿಗೆ ಹಚ್ಚುವ ರೀತಿ ಬೇರೆ. ರೆಪ್ಪೆಯ ಚರ್ಮ ಸಡಿಲವಾಗಿ ಮಡಿಕೆ ಮುಚ್ಚಿಹೋಗಿರುತ್ತದೆ, ಆದ್ದರಿಂದ ಕಣ್ಣು ಮುಚ್ಚಿಸಿ ಹಚ್ಚಬಾರದು, ತೆರೆಸಿ ನೇರ ನೋಡಿಸಿ, ಎಲ್ಲಿ ನೆರಳು ಬೇಕೋ ಅಲ್ಲಿ ಗುರುತು ಮಾಡಿಕೊಳ್ಳಬೇಕು. ಮಿಂಚು ಬೇಡ, ಅದು ಸುಕ್ಕಿನಲ್ಲಿ ಕೂರುತ್ತದೆ. ಚರ್ಮ ಎಳೆಯಬಾರದು. ಎರಡು ಬಣ್ಣಕ್ಕಿಂತ ಹೆಚ್ಚು ಬೇಡ. ನಾನು ಬೆಳಿಗ್ಗೆ ಶೇಂಗಾ ಸಿಪ್ಪಿಯನ್ನು ರೆಪ್ಪೆಗೆಲ್ಲ ತೆಳ್ಳಗೆ ಹಚ್ಚಿದೆ. ಇನ್ನೊಂದನ್ನು ಅವಳೇ ಆರಿಸಿದಳು. ಬಲಗಣ್ಣು ತೆರೆದು, ಎಡಗಣ್ಣು ಮುಚ್ಚಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಎರಿ” ಅಂದಳು. ಒದ್ದೆ ಬ್ರಷ್ಷಿನಿಂದ ರೆಪ್ಪೆಗೂದಲಿನ ಬುಡಕ್ಕೆ ಹಚ್ಚಿದೆ, ಮುಂಚೆ ಕಾಡಿಗೆ ಕೂರುತ್ತಿದ್ದ ಜಾಗದ ಹತ್ತಿರವೇ. ಹಣೆಯ ಮೇಲೆ ವಿಭೂತಿ ಇದ್ದ ಹಾಗೇ ಇತ್ತು.

ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಅವಳದೇ ಹಳೆಯ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳಿದೆ. “ಯಾರಿಗೂ ಕಾಣೂದಿಲ್ಲ, ಮತ್ಯಾಕ ಬೇಕು?”

“ನನಗ ಕಾಣತದಲ್ಲ” ಅಂದಳು.

ಆ ದಿನ ಲೋಕವೇನೂ ಬದಲಾಗಲಿಲ್ಲ. ಅರಿಶಿಣದ ಶಾಸ್ತ್ರಕ್ಕೆ ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಕಂಬದ ಹಿಂದೆಯೇ ಕೂತಿದ್ದಳು. ಅಕ್ಷತೆ ಹಾಕುವಾಗ ಹಿಂದಿನ ಸಾಲಿನಿಂದ ಹಾಕಿದಳು. ಆದರೆ ಊಟಕ್ಕೆ ಮುಂಚೆ ಫೋಟೋದವನು ಮನೆಯವರೆಲ್ಲ ಬನ್ನಿ ಅಂತ ಕೂಗಿದಾಗ, ನಾಲ್ಕು ವರ್ಷದಿಂದ ಎಲ್ಲ ಫೋಟೋದಿಂದಲೂ ಏನಾದರೊಂದು ನೆಪ ಹೇಳಿ ಅಡುಗೆಮನೆ ಕಡೆ ಹೋಗುತ್ತಿದ್ದವಳು ಎದ್ದಳು. ನೀಲಿ ಇರುವ ಬೂದಿ ಸೀರೆಯ ಸೆರಗು ಸರಿಮಾಡಿಕೊಂಡು ಹೋಗಿ ಮೊಮ್ಮಗಳ ಪಕ್ಕ ನಿಂತಳು. ನಮ್ಮ ದೊಡ್ಡಮ್ಮ ಒಬ್ಬರು ದಿಟ್ಟಿಸಿ ನೋಡಿ, “ಆಪರೇಷನ್ ಆದ ಮ್ಯಾಲ ಕಣ್ಣು ಭಾಳ ಚಲೋ ಕಾಣ್ತಾವಲ್ಲವಾ ನಿಂದು” ಅಂದರು. ಅವ್ವ ಹ್ಞೂಂ ಅಂದಳು, ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಫೋಟೋ ಬಂದಿದೆ. ದೊಡ್ಡದು ಮಾಡಿ ನೋಡಿದರೂ ಬಣ್ಣ ಹಚ್ಚಿದ್ದು ಗೊತ್ತಾಗುವುದಿಲ್ಲ. ನೇರವಾಗಿ ಕ್ಯಾಮೆರಾ ನೋಡುತ್ತಿರುವ ಎರಡು ಕಣ್ಣು ಮಾತ್ರ ಕಾಣುತ್ತವೆ.

ಡಬ್ಬಿಗೀಗ ವಯಸ್ಸಾಗುತ್ತಿದೆ. ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 24ಎಂ ಅಂತಿದೆ, ತೆರೆದ ಮೇಲೆ ಇಪ್ಪತ್ನಾಲ್ಕು ತಿಂಗಳು ಅಂತ ಅದರ ಅರ್ಥ. ನೀವೂ ನಿಮ್ಮ ಡಬ್ಬಿಗಳ ಹಿಂದೆ ಒಮ್ಮೆ ನೋಡಿಕೊಳ್ಳಿ. ಚಹಾದ ಬಿಲ್ಲೆಯ ನಡುವೆ ಆಗಲೇ ತಗಡು ಕಾಣುತ್ತಿದೆ. ಇನ್ನೊಂದು ಕಣ್ಣಿನ ಆಪರೇಷನ್ ಯುಗಾದಿ ಆದ ಮೇಲೆ ಅಂತ ದಿನ ಗೊತ್ತಾಗಿದೆ. ಮೊನ್ನೆ ಫೋನಿನಲ್ಲಿ ಅವ್ವ ಬಸ್ಸಿನ ಟಿಕೇಟು, ರೊಟ್ಟಿ, ಶೇಂಗಾ ಹಿಂಡಿ ಎಲ್ಲದರ ಮಾತು ಮುಗಿಸಿ, ಇಡುವ ಮುಂಚೆ ಹೇಳಿದಳು: “ಆ ಮಣ್ಣಿನ ಡಬ್ಬಿ ಪೂರಾ ತೀರಿಸಬ್ಯಾಡ. ಎರಡೂ ಕಣ್ಣಿಲೆ ಒಮ್ಮಿ ನೋಡಬೇಕಾಗ್ಯಾದ.”